ಯಾರೂ ಕುಡಿಯದ ಬೇರಿನ ಸೋಡ

ಬಾಟ್ಲಿಗೆ ಅಂಟಿಸಿದ ಚಿತ್ರದಲ್ಲಿ ನಮ್ಮ ಊರಿನ ಪಟೇಲರಿಗೆ ಮೀಸೆ ಬರೆದಿದ್ದರು. ಬದುಕಿದ್ದಷ್ಟು ಕಾಲ ಆ ಮನುಷ್ಯ ಮೀಸೆ ಬಿಟ್ಟದ್ದಿಲ್ಲ. ವಾರಕ್ಕೊಮ್ಮೆ ಕ್ಷೌರದವನು ಪಟೇಲರ ಮೇಗಿನಮನೆಗೆ ಹೋಗಿ ಅವರ ಮುಖವನ್ನು ಹಲಸಿನ ಬೀಜದಷ್ಟು ನುಣ್ಣಗೆ ಮಾಡಿ ಬರುತ್ತಿದ್ದ. ಆದರೆ ಮೂಗು ಅದೇ. ಅಷ್ಟುದ್ದದ ಮೂಗು ನಮ್ಮ ಊರಲ್ಲಿ ಇನ್ನೊಬ್ಬರಿಗೆ ಇರಲಿಲ್ಲ. ಮೂಗಿನ ಕೆಳಗೆ ಇಲ್ಲದ ಮೀಸೆ, ತಲೆಗೆ ಮುಂಡಾಸು, ಕೈಯಲ್ಲಿ ನೊರೆಯುಕ್ಕುವ ಲೋಟ. ಅಡಿಯಲ್ಲಿ ಬರಹ: ‘ಅಜ್ಜನ ಬೇರಿನ ಸೋಡ. ನಮ್ಮ ಮನೆತನದ ಪಾನೀಯ.’

ಮನೆತನದ್ದಂತೆ! ನನಗೆ ನಗು ಬಂತು, ಹಿಂದೆಯೇ ಸಿಟ್ಟೂ ಬಂತು.

ಪುತ್ತೂರಿನಿಂದ ಮಡಿಕೇರಿಗೆ ಒಂದು ಮದುವೆಗೆ ಹೊರಟಿದ್ದೆವು. ಕಾರು ಬಿಡುತ್ತಿದ್ದವಳು ಮೊಮ್ಮಗಳು. ಕಲ್ಲುಗುಂಡಿಯಲ್ಲಿ ನಿಲ್ಲಿಸಬೇಡ ಎಂದು ಸುಳ್ಯದಲ್ಲೇ ಹೇಳಿದ್ದೆ. ಈಗಿನ ಮಕ್ಕಳಿಗೆ ಬೇಡ ಎಂದದ್ದು ಬೇಕು ಎಂದಂತೆ ಕೇಳಿಸುತ್ತದೆ. ಚಂದದ ಹಂಚಿನ ಅಂಗಡಿ ಕಂಡಿತು ಎಂದು ನಿಲ್ಲಿಸಿದಳು. ಅಂಗಡಿಯಲ್ಲಿ ಹಲಸಿನ ಹಪ್ಪಳ, ಉಪ್ಪು ಹಾಕಿ ಬೇಯಿಸಿ ಒಣಗಿಸಿದ ಹಲಸಿನ ಬೀಜದ ಸಾಂತಾಣಿ, ಎಲ್ಲ ಪ್ಲಾಸ್ಟಿಕ್ ಪೊಟ್ಟಣಗಳಲ್ಲಿ ನೇತಾಡುತ್ತಿದ್ದವು. ಅವಳು ಒಂದು ಬಾಟ್ಲಿಯ ಮುಚ್ಚಳ ತೆಗೆದು ನನ್ನ ಕೈಗೆ ಕೊಟ್ಟಳು. ಹಳೆಯ ಮರದ ಪೆಟ್ಟಿಗೆ ತೆರೆದ ಹಾಗೆ ಸೊಗದೆ ಬೇರಿನ ವಾಸನೆ ಮೂಗಿಗೆ ಹೊಡೆಯಿತು. ನಾನು ಅಲ್ಲೇ ಬೆಂಚಿನ ಮೇಲೆ ಕೂತೆ. ಕಾಲು ಸೋತಿತೋ ಎಂದು ಅವಳು ಹೆದರಿದಳು. ಕಾಲಿಗೆ ಏನೂ ಆಗಿರಲಿಲ್ಲ.

ಅದು ನಮ್ಮ ಜಿಲ್ಲೆ ಮದರಾಸು ಸರಕಾರಕ್ಕೆ ಸೇರಿದ್ದ ಕಾಲ, ಐವತ್ತರ ದಶಕದ ನಡುವಿನ ಒಂದು ಬೇಸಗೆ. ನನಗೆ ಮದುವೆಗೆ ಗಂಡು ಹುಡುಕುವ ಪ್ರಾಯ. ಕಲ್ಲುಗುಂಡಿಯಿಂದ ಒಂದು ಗುಡ್ಡೆ ಒಳಗೆ ಪಟೇಲರ ಜಾಗದಲ್ಲಿ ನಮ್ಮ ಮುಳಿಹುಲ್ಲಿನ ಮನೆ. ನಾವು ಅವರ ಒಕ್ಕಲು. ಅಪ್ಪ ಐತಪ್ಪ ಪೂಜಾರಿ, ಬೈನೆ ಮರ ಹತ್ತಿ ಕಳ್ಳು ಇಳಿಸುವ ಮೂರ್ತೆ ಕೆಲಸದವರು. ಅವರ ಅಪ್ಪನದೂ ಅದೇ ಕೆಲಸ, ಅಜ್ಜನದೂ ಅದೇ ಕೆಲಸ. ಮದರಾಸು ಸರಕಾರ ಪಾನನಿರೋಧ ತಂದ ದಿನ ಮೂರ್ತೆಯ ಕತ್ತಿ ಗೋಡೆಯ ಗೂಟಕ್ಕೆ ಹೋಯಿತು. ತಮಾಷೆ ನೋಡಿ, ಸ್ವಲ್ಪ ದೂರ ನಡೆದು ಸಂಪಾಜೆ ದಾಟಿದರೆ ಕೊಡಗು, ಅಲ್ಲಿ ಬೇರೆಯೇ ಸರಕಾರ, ಅಲ್ಲಿ ಕುಡಿದರೆ ತಪ್ಪಿಲ್ಲ. ಈಚೆಯ ದೊಡ್ಡವರೆಲ್ಲ ಸಂಜೆ ಆಚೆಗೆ ವಾಯುವಿಹಾರಕ್ಕೆ ಹೋಗುತ್ತಿದ್ದರು. ವಾಪಸು ಬರುವಾಗ ಗಾಳಿ ಸ್ವಲ್ಪ ಹೆಚ್ಚೇ ಸೇವಿಸಿದಂತೆ ಕಾಣುತ್ತಿತ್ತು. ಕಾನೂನು ತಾಗಿದ್ದು ಮರ ಹತ್ತುವವನಿಗೆ ಮಾತ್ರ.

ಅಪ್ಪ ಘಟ್ಟ ಹತ್ತಿ ಒಂದು ಕಾಫಿ ತೋಟಕ್ಕೆ ಕೂಲಿಗೆ ಹೋದರು. ಅಲ್ಲಿ ದೊರೆಯ ಬಂಗಲೆಯ ಅಡಿಗೆಯವನು ಶುಂಠಿಯನ್ನು ಸಕ್ಕರೆ ನೀರಲ್ಲಿ ಉಬ್ಬಿಸಿ, ಬಾಟ್ಲಿಗೆ ತುಂಬಿ, ಬಿರಡೆ ಬಿಗಿದು ಇಡುತ್ತಿದ್ದನಂತೆ. ಎರಡು ದಿನದಲ್ಲಿ ಅದು ಸೋಡದ ಹಾಗೆ ಬುರಬುರ ಉಕ್ಕುತ್ತಿತ್ತಂತೆ, ಅಮಲಿಲ್ಲ, ಏನಿಲ್ಲ. ಆ ವಿದ್ಯೆಯನ್ನು ತಲೆಯಲ್ಲಿಟ್ಟುಕೊಂಡು ಬಂದ ಅಪ್ಪ ಮನೆಯ ಹಿಂದಿನ ಗುಡ್ಡೆ ನೋಡಿದರು. ಅಲ್ಲಿ ಬೇಕಾದಷ್ಟು ಸೊಗದೆ ಬಳ್ಳಿ. ಅಮ್ಮ ಬೇಸಗೆಯಲ್ಲಿ ಅದರ ಬೇರು ಕುದಿಸಿ ಬೆಲ್ಲ ಹಾಕಿ ಕೊಡುವುದಿತ್ತು, ಮೈಗೆ ತಂಪು ಎಂದು. ಈ ಬೇರಿನ ನೀರನ್ನು ಯಾಕೆ ಉಬ್ಬಿಸಬಾರದು ಎಂದು ಅಪ್ಪನಿಗೆ ಹೊಳೆಯಿತು.

ಮೊದಲ ಬಾಟ್ಲಿ ತೆಗೆದ ಮಧ್ಯಾಹ್ನ ನನಗೆ ಈಗಲೂ ನೆನಪುಂಟು. ಜಗಲಿಯಲ್ಲಿ ಕೂತು ಅಪ್ಪ ಬಾಳೆನಾರಿನ ಕಟ್ಟು ಬಿಡಿಸಿದ್ದೇ ತಡ, ಬಿರಡೆ ಹಾರಿ ಮಾಡಿನ ಹುಲ್ಲಿನಲ್ಲಿ ಸಿಕ್ಕಿಕೊಂಡಿತು. ಅಮ್ಮ ದೇವರ ಹೆಸರು ಕರೆದು ಒಳಗೆ ಓಡಿದಳು. ನನಗೆ ಒಂದು ಲೋಟ ಕೊಟ್ಟರು. ಕಂದು ಬಣ್ಣ, ಮೇಲೆ ನೊರೆ. ನಾಲಿಗೆಯ ತುಂಬ ಇರುವೆ ಹರಿದಾಡಿದ ಹಾಗಾಯಿತು, ಮೂಗಿನಿಂದ ಗಾಳಿ ಬಂತು, ಕಣ್ಣಲ್ಲಿ ನೀರು. ಆಮೇಲೆ ಬೇರಿನ ಪರಿಮಳ, ಬೆಲ್ಲದ ಸಿಹಿ, ಗಂಟಲಲ್ಲಿ ಒಳ್ಳೆಮೆಣಸಿನ ಖಾರ. ಎಲ್ಲ ಇಳಿದ ಮೇಲೆ ಕೊನೆಗೆ ಉಪ್ಪಿನ ಒಂದು ಎಳೆ. ಬಾಟ್ಲಿಗೆ ಒಂದು ಹರಳು ಉಪ್ಪು ಹಾಕುವುದು ಅಪ್ಪನದೇ ಉಪಾಯ, ದೊರೆಯ ಅಡಿಗೆಯವನದ್ದಲ್ಲ. ಅಂಥದ್ದೊಂದು ರುಚಿ ಭೂಮಿಯ ಮೇಲೆ ಉಂಟು ಎಂದು ನನಗೆ ಅಲ್ಲಿಯ ತನಕ ಗೊತ್ತಿರಲಿಲ್ಲ. ಇನ್ನೊಂದು ಲೋಟ ಕೇಳಿದೆ. ಅಪ್ಪ ನಕ್ಕರು. ಕತ್ತಿ ಗೂಟಕ್ಕೆ ಹೋದ ಮೇಲೆ ಅವರು ನಕ್ಕದ್ದು ಅದೇ ಮೊದಲು.

ಕೆಲಸ ಸುಲಭದ್ದೇನಲ್ಲ. ಬೆಳಗಾಗುತ್ತಲೇ ನಾನೂ ಅಮ್ಮನೂ ಗುಡ್ಡೆಗೆ. ಮುರಕಲ್ಲಿನ ನೆಲ, ಬೇಸಗೆಯಲ್ಲಿ ಕಬ್ಬಿಣ. ಬೆರಳು ದಪ್ಪದ ಬೇರು ಕೆಳಗೆ ಕೆಳಗೆ ಹೋಗುತ್ತಿತ್ತು. ತುಂಡಾದರೆ ವಾಸನೆ ಹಾರುತ್ತದೆ ಎಂದು ಅಪ್ಪನ ಗದರಿಕೆ, ಹಾಗಾಗಿ ಕೈಯಿಂದಲೇ ಕೆರೆಯುವುದು. ನನ್ನ ಉಗುರುಗಳು ಆ ವರ್ಷ ಬೆಳೆಯಲೇ ಇಲ್ಲ. ಬೇರು ಜಜ್ಜಿ, ನೆನೆಸಿ, ಕುದಿಸಿ, ಬೆಲ್ಲ ಹಾಕಿ ತಣಿಸಿ, ಶುಂಠಿಯ ಹುಳಿಹೆಪ್ಪು ಬೆರೆಸಿ ಬಾಟ್ಲಿಗೆ ತುಂಬಿ, ನೆರಳಲ್ಲಿ ಹೊಯಿಗೆಯ, ಅಂದರೆ ಮರಳಿನ, ಗುಂಡಿಯಲ್ಲಿ ಹೂಳಿಡಬೇಕು. ಅಪ್ಪ ಹೊತ್ತಿಗೊಮ್ಮೆ ಹೋಗಿ ಒಂದೊಂದು ಬಾಟ್ಲಿಗೂ ಕಿವಿಯಿಟ್ಟು ಕೇಳುತ್ತಿದ್ದರು. ಕಳ್ಳಿನ ಮಡಕೆಗೆ ಕಿವಿ ಕೊಟ್ಟು ಅಭ್ಯಾಸವಾದ ಮನುಷ್ಯ. ನನ್ನ ಮಾತಿಗೆ ಒಂದು ದಿನ ಹೀಗೆ ಕಿವಿ ಕೊಟ್ಟದ್ದುಂಟಾ ಎಂದು ಅಮ್ಮ ಕೇಳುವುದು, ನೀನು ಬಾಟ್ಲಿಯ ಹಾಗೆ ಮೆತ್ತಗೆ ಮಾತಾಡಿದರೆ ಕೇಳುತ್ತೇನೆ ಎಂದು ಅಪ್ಪ ಹೇಳುವುದು. ಹೊಯಿಗೆಯಿಂದ ತೆಗೆದ ಮೂರನೆಯ ದಿನಕ್ಕೆ ಉಳಿದದ್ದನ್ನು ಬಾಳೆಯ ಬುಡಕ್ಕೆ ಚೆಲ್ಲಿಬಿಡುತ್ತಿದ್ದರು. ಅದು ಮೀರಿದರೆ ಬೆಲ್ಲದ ನೀರು ಹುಳಿಯತೊಡಗುತ್ತದೆ, ಹುಳಿದರೆ ಅಮಲಿನ ದಾರಿ ಹಿಡಿಯುತ್ತದೆ. ಆ ಗೆರೆಯನ್ನು ಅವರು ಒಂದು ದಿನವೂ ದಾಟಲಿಲ್ಲ.

ಬಾಟ್ಲಿಯ ವಿಷಯದಲ್ಲಿ ಮಾತ್ರ ನಮಗೆ ಬುದ್ಧಿ ಇರಲಿಲ್ಲ. ಊರಲ್ಲಿ ಬಾಟ್ಲಿ ಎಲ್ಲಿಂದ ಬರಬೇಕು? ಕಾಫಿ ತೋಟದ ದೊರೆಗಳು ಕುಡಿದೆಸೆದ ಬ್ರಾಂದಿ ಬಾಟ್ಲಿಗಳನ್ನು ಅಪ್ಪ ಗೋಣಿಯಲ್ಲಿ ಹೊತ್ತು ತಂದಿದ್ದರು. ಕಾಗದ ನೆನೆಸಿ ಕಿತ್ತು, ಬೂದಿ ಹಾಕಿ ತಿಕ್ಕಿ, ಬಿಸಿನೀರಲ್ಲಿ ಕುದಿಸಿ ನಾನೇ ತೊಳೆದಿದ್ದೆ. ಗಾಜಿನಲ್ಲೇ ಉಬ್ಬಿಕೊಂಡಿದ್ದ ಇಂಗ್ಲಿಷ್ ಅಕ್ಷರಗಳನ್ನು ಬೂದಿಯಿಂದ ತಿಕ್ಕಿ ತೆಗೆಯಲು ಆಗುತ್ತದೆಯೇ? ನಮಗೆ ಅವು ಹೂವಿನ ಚಿತ್ತಾರದ ಹಾಗೆ ಕಾಣುತ್ತಿದ್ದವು.

ಮಾರಾಟ ಅದ್ರಾಮ ಬ್ಯಾರಿಯ ಅಂಗಡಿಯಲ್ಲಿ. ಘಟ್ಟ ಹತ್ತುವ ಬಸ್ಸುಗಳು ಅವರ ಅಂಗಡಿಯೆದುರು ನಿಂತು ಇಂಜಿನಿಗೆ ನೀರು ಕುಡಿಸಿಕೊಳ್ಳುತ್ತಿದ್ದವು. ಅಷ್ಟರಲ್ಲಿ ಜನ ಇಳಿದು ಏನಾದರೂ ಬಾಯಿಗೆ ಹಾಕಿಕೊಳ್ಳುವುದು. ಬ್ಯಾರಿಯ ಹೆಂಡತಿ ಮಾಡಿದ ಅಕ್ಕಿಯ ಕಲ್ತಪ್ಪ, ನಮ್ಮಮ್ಮನ ಸಾಂತಾಣಿ, ಹಪ್ಪಳ, ಗೆಣಸಿನ ಪೋಡಿ. ಇವುಗಳ ಪಕ್ಕದಲ್ಲಿ ಒದ್ದೆ ಗೋಣಿ ಹೊದೆಸಿದ ನಮ್ಮ ಬಾಟ್ಲಿಗಳು. ಬ್ಯಾರಿ ಮೊದಲ ಬಾಟ್ಲಿಯನ್ನು ತಾವೇ ಕುಡಿದು, ‘ನನ್ನಾರಿ ನನ್ನಾರಿ’ ಎಂದು ಸೊಗದೆಗೆ ತಮ್ಮ ಮಾತಿನ ಹೆಸರು ಹೇಳಿ ತಲೆ ಅಲ್ಲಾಡಿಸಿ, ಹೆಂಡತಿ ಮಕ್ಕಳಿಗೆಲ್ಲ ಕುಡಿಸಿದ ಮೇಲೆಯೇ ಮಾರಲು ಒಪ್ಪಿದ್ದು. ಒಂದು ತಿಂಗಳಲ್ಲಿ ಕಂಡಕ್ಟರುಗಳು ಪುತ್ತೂರಿನ ತನಕ ಸುದ್ದಿ ಮುಟ್ಟಿಸಿದರು. ಬರೀ ನೀರಿಗೆ ಇಷ್ಟು ಹೆಸರು ಬಂತಲ್ಲ ಎಂದು ಅಮ್ಮನಿಗೆ ಆಶ್ಚರ್ಯ. ಮಳೆಗಾಲ ಕಳೆದ ಮೇಲೆ ಬ್ಯಾರಿಯ ಅಂಗಡಿಯ ಪಕ್ಕ ನಮ್ಮದೇ ಒಂದು ಸಣ್ಣ ಮಾಡು ಎಳೆಯುವುದೆಂದು ಮಾತಾಗಿತ್ತು. ಮತ್ತೆ ತೋಟದ ಕೂಲಿಗೆ ಹೋಗುವ ಅಗತ್ಯ ಇರಲಾರದು ಎಂದು ಅಪ್ಪನ ಆಸೆ.

ಇನ್ನು ಊರಿನವರು. ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಆಗಿನ ಕಾಲಕ್ಕೆ ನಮ್ಮ ಮನೆಯಿಂದ ಮೇಲಿನವರು ತೆಂಗಿನಕಾಯಿ ತಗೊಳ್ಳಬಹುದು, ಬಾಳೆಗೊನೆ ತಗೊಳ್ಳಬಹುದು, ಹುರಿದದ್ದು ಕರಿದದ್ದನ್ನು ಕಣ್ಣು ಮುಚ್ಚಿ ತಿನ್ನಬಹುದು. ನೀರು ಹಾಕಿ ಬೇಯಿಸಿದ್ದನ್ನು ಮಾತ್ರ ಮುಟ್ಟಬಾರದು. ಹಾಗಾದರೆ ಸಾಂತಾಣಿ? ಅದು ಉಪ್ಪು ನೀರಲ್ಲಿ ಬೆಂದದ್ದೇ ಅಲ್ಲವೇ? ಶಾಲೆಯ ಹೆಡ್‌ಮಾಸ್ಟ್ರು ಅದಕ್ಕೊಂದು ದಾರಿ ಕಂಡುಹಿಡಿದಿದ್ದರು. ಬೆಂದ ಮೇಲೆ ವಾರಗಟ್ಟಲೆ ಬಿಸಿಲಲ್ಲಿ ಒಣಗಿತಲ್ಲ, ಸೂರ್ಯನಾರಾಯಣ ಮುಟ್ಟಿದ ಮೇಲೆ ದೋಷವಿಲ್ಲ ಎಂದರು. ಹಲ್ಲಿಲ್ಲದ ಮುದುಕರು ಕೂಡ ನಮ್ಮ ಸಾಂತಾಣಿಯನ್ನು ದವಡೆಯಲ್ಲಿಟ್ಟು ಮಧ್ಯಾಹ್ನವಿಡೀ ಚೀಪುತ್ತಿದ್ದರು.

ಬೇರಿನ ಸೋಡಕ್ಕೆ ಅಂಥ ಸೂರ್ಯ ಇರಲಿಲ್ಲ. ಅದು ನಮ್ಮ ಬಾವಿಯ ನೀರು, ನಮ್ಮ ಒಲೆಯಲ್ಲಿ ಕುದಿದದ್ದು, ನಮ್ಮ ಕೈಯಿಂದ ಬಾಟ್ಲಿಗೆ ಇಳಿದದ್ದು. ಹಾಗಂತ ಬಿಟ್ಟರೇ? ಹೆಡ್‌ಮಾಸ್ಟ್ರು ಶಾಲೆ ಬಿಟ್ಟ ಮೇಲೆ ಬ್ಯಾರಿಯ ಅಂಗಡಿಯ ಹಿಂಬಾಗಿಲಿಂದ ಬಂದು, ಅಕ್ಕಿ ಮೂಟೆಗಳ ಮರೆಯಲ್ಲಿ ನಿಂತು, ಬಾಟ್ಲಿಯನ್ನು ಎತ್ತಿ ಹಿಡಿದು ತುಟಿ ತಾಗಿಸದೆ ಗಟಗಟ ಕುಡಿಯುತ್ತಿದ್ದರು. ಪಟೇಲರದ್ದು ಇನ್ನೂ ದೊಡ್ಡ ವೈಭವ. ಅವರ ಮನೆಯ ಆಳು ತುಂಬೆ ಸೊಪ್ಪಿನ ಬುಟ್ಟಿ ಹೊತ್ತು ನಮ್ಮ ಅಂಗಳಕ್ಕೆ ಬರುತ್ತಿದ್ದ. ಸೊಪ್ಪಿನ ಅಡಿಯಲ್ಲಿ ಬಾಟ್ಲಿ ಇಟ್ಟುಕೊಂಡು ಹೋಗುತ್ತಿದ್ದ. ಊಟವಾದ ಮೇಲೆ ಧನಿಗಳಿಗೆ ಒಂದು ಬಾಟ್ಲಿ ಹೊಟ್ಟೆಗೆ ಬೀಳದಿದ್ದರೆ ತೇಗು ಬರುವುದಿಲ್ಲ ಎಂದು ಅವನೇ ಹೇಳಿ ನಗುತ್ತಿದ್ದ. ಖಾಲಿ ಬಾಟ್ಲಿಗಳು ಅದೇ ಸೊಪ್ಪಿನಡಿಯಲ್ಲಿ ವಾಪಸು. ಊರಿಗೇ ಗೊತ್ತಿದ್ದದ್ದು, ಯಾರೂ ಬಾಯಿ ಬಿಡದಿದ್ದದ್ದು. ಆಗ ನಮಗೆ ಇದೆಲ್ಲ ಹೆಮ್ಮೆ. ಧನಿಗಳೇ ಕುಡಿಯುತ್ತಾರೆ ಎಂದು ಅಪ್ಪ ಮೆತ್ತಗೆ ನನ್ನೊಡನೆ ಹೇಳುವಾಗ ಅವರ ಕಣ್ಣು ಮಿನುಗುತ್ತಿತ್ತು.

ವೃಷಭ ಮಾಸದ ಉರಿ ಬಿಸಿಲು. ಪಟೇಲರ ಮಗಳನ್ನು ಪುತ್ತೂರಿಗೆ ಕೊಟ್ಟಿದ್ದರು. ಅವಳಿಗೆ ಬಯಕೆಯ ದಿನಗಳು, ಅಪ್ಪನ ಮನೆಯ ಬೇರಿನ ನೀರು ಬೇಕು ಎಂದು ಹೇಳಿಕಳಿಸಿದ್ದಳಂತೆ. ಅಪ್ಪನ ಮನೆಯದ್ದು! ಸರಿ, ಒಂದು ಬುಟ್ಟಿ ಬಾಟ್ಲಿ ಬೇಕೆಂದು ಆಳು ಬಂದ. ಬಸ್ಸಿನಲ್ಲಿ ಒಳಗೆ ನೆರಳಲ್ಲಿ ಇಡಬೇಕು, ಇವತ್ತೇ ಮುಟ್ಟಬೇಕು ಎಂದು ಅಪ್ಪ ಹತ್ತು ಸಲ ಹೇಳಿದರು. ಆಳು ಆ ದಿನ ಹೋಗಲಿಲ್ಲ. ಮರುದಿನವೂ ಏನೋ ಕೆಲಸ. ಕೊನೆಗೆ ಹೋದವನು ಯಾರಾದರೂ ನೋಡಿಯಾರು ಎಂದು ಬುಟ್ಟಿಯನ್ನು ಬಸ್ಸಿನ ಮಾಡಿನ ಮೇಲೆ ಹಾಕಿಸಿದ. ಸುಳ್ಯ ಮುಟ್ಟುವಷ್ಟರಲ್ಲಿ ಬಾಟ್ಲಿಗಳು ಮೇಲೆ ಒಂದೊಂದಾಗಿ ಸಿಡಿಯತೊಡಗಿದವು. ಬಾಂಬು ಎಂದು ಹೆಂಗಸರು ಬೊಬ್ಬೆ ಹಾಕಿದರಂತೆ. ಕಿಟಕಿಗಳ ಮೇಲಿಂದ ಕಂದು ನೊರೆ ಇಳಿಯಿತು, ಹುಳಿ ವಾಸನೆ. ಪೇಟೆಯಲ್ಲಿದ್ದ ಪೊಲೀಸರು ಬುಟ್ಟಿ ಇಳಿಸಿ ನೋಡಿದರೆ ಬ್ರಾಂದಿ ಬಾಟ್ಲಿಯ ಚೂರುಗಳು, ಸಿಡಿಯದೆ ಉಳಿದವು ಎರಡು. ಬುಟ್ಟಿ ಯಾರದ್ದು ಎಂದು ಕೇಳಿದರು. ಐತಪ್ಪ ಪೂಜಾರಿಯದ್ದು ಎಂದ ಆಳು. ಮೂರ್ತೆಯ ಐತಪ್ಪ ಪೂಜಾರಿ, ಬ್ರಾಂದಿ ಬಾಟ್ಲಿ, ಕೊಡಗಿನ ಗಡಿ. ಅವರಿಗೆ ಇನ್ನೇನು ಬೇಕಿತ್ತು?

ಮರುದಿನ ಜೀಪು ಬಂತು. ಇನ್‌ಸ್ಪೆಕ್ಟರು ಪಟೇಲರ ಚಾವಡಿಯಲ್ಲಿ ಕೂತರು. ಕೆಟ್ಟ ಮನುಷ್ಯನಲ್ಲ. ಸೆಕೆಗೆ ಬೆವರು ಒರೆಸಿಕೊಳ್ಳುತ್ತ, ಬೇಗ ಮುಗಿಸಿ ಹೋದರೆ ಸಾಕು ಎನ್ನುವ ಹಾಗಿದ್ದರು. ಚಾವಡಿಯ ಮೇಲೆ ಪಟೇಲರು, ಹೆಡ್‌ಮಾಸ್ಟ್ರು, ಊರಿನ ನಾಲ್ಕು ದೊಡ್ಡವರು. ಕೆಳಗೆ ಅಂಗಳದಲ್ಲಿ ಅಪ್ಪ ಹೆಗಲ ಬೈರಾಸು ಬಟ್ಟೆಯನ್ನು ಕೈಗೆ ತೆಗೆದುಕೊಂಡು ನಿಂತಿದ್ದರು. ನಾನೂ ಅಮ್ಮನೂ ಹಟ್ಟಿಯ ಪಕ್ಕದಲ್ಲಿ. ಬೇರು ಕುದಿಸುವ ನಮ್ಮ ಮಡಕೆಯನ್ನೂ ತಂದಿಟ್ಟಿದ್ದರು, ಮಸಿ ಹಿಡಿದ ಮಡಕೆ, ಎಲ್ಲರೆದುರು ಅದನ್ನು ನೋಡಿ ನನಗೆ ನಾಚಿಕೆಯಾಯಿತು.

ಅಪ್ಪ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಬೇರು, ಬೆಲ್ಲ, ಶುಂಠಿ, ಮೆಣಸು, ಉಪ್ಪು. ಹೊಯಿಗೆಯಿಂದ ತೆಗೆದು ಎರಡು ದಿನ ಕಳೆದರೆ ಮಾರುವುದಿಲ್ಲ. ಇನ್‌ಸ್ಪೆಕ್ಟರು ಕೇಳಿಸಿಕೊಂಡು ಚಾವಡಿಯ ಕಡೆ ತಿರುಗಿದರು. ಪರವಾನಿಗೆ ಇಲ್ಲದೆ ಸೋಡ ಮಾಡಿದ್ದು ಸಣ್ಣ ವಿಷಯ, ಗದರಿಸಿ ಬಿಟ್ಟುಬಿಡಬಹುದು. ಅಮಲಿನ ಪದಾರ್ಥ ಎಂದಾದರೆ ಜೈಲು ಎಂದು ವಿವರಿಸಿದರು. ಬಾಟ್ಲಿಯನ್ನು ಪರೀಕ್ಷೆಗೆ ಮದರಾಸಿಗೆ ಕಳಿಸಿದರೆ ಉತ್ತರ ಬರಲು ಎಷ್ಟು ಕಾಲವೋ. ಇಲ್ಲಿಯೇ ಮುಗಿಸುವ ಮನಸ್ಸು ಅವರಿಗಿತ್ತು.

“ಮಾರದವರು, ಮರ್ಯಾದಸ್ಥರು ಒಬ್ಬರು ಸಾಕು,” ಎಂದರು. “ನಾನು ಇದನ್ನು ಕುಡಿದಿದ್ದೇನೆ, ಇದರಲ್ಲಿ ಅಮಲಿಲ್ಲ ಅಂತ ಒಂದು ಮಾತು ಹೇಳಲಿ. ನಾನು ಮಡಕೆ ಬಿಟ್ಟು ಹೋಗುತ್ತೇನೆ.”

ನನಗೆ ಜೀವ ಬಂದ ಹಾಗಾಯಿತು. ಒಂದು ಮಾತು ತಾನೇ! ಚಾವಡಿಯಲ್ಲಿ ಕೂತವರಲ್ಲಿ ಕುಡಿಯದವರು ಯಾರಿದ್ದರು? ನಾನು ಪಟೇಲರ ಮುಖ ನೋಡಿದೆ. ನೋಡುತ್ತಲೇ ಇದ್ದೆ. ಅವರು ಎಲೆಗೆ ಸುಣ್ಣ ಹಚ್ಚುತ್ತಿದ್ದರು.

ಮೊದಲು ಬಾಯಿ ತೆರೆದವರು ಅದ್ರಾಮ ಬ್ಯಾರಿ. ಅವರು ಅಂಗಳದ ತುದಿಯಿಂದ ಮುಂದೆ ಬಂದರು. “ನಾನು ಕುಡಿದಿದ್ದೇನೆ ಸಾಹೇಬ್ರೆ. ನನ್ನ ಮಕ್ಕಳು ಕುಡಿದಿದ್ದಾರೆ. ಅಮಲು ನಮಗೆ ಹರಾಮು. ಇದರಲ್ಲಿ ಅದು ಇದ್ದಿದ್ದರೆ ನಾನು ಮಕ್ಕಳಿಗೆ ಕುಡಿಸುದುಂಟಾ?” ಎಂದರು. ಇನ್‌ಸ್ಪೆಕ್ಟರು ತಲೆಯಾಡಿಸಿ, ನೀನೇ ಮಾರಿದವನು, ನಿನ್ನ ಮಾತು ನಡೆಯುವುದಿಲ್ಲ, ನೀನೂ ಜೀಪು ಹತ್ತು ಎಂದುಬಿಟ್ಟರು. ಆ ಬೇಸಗೆಯಲ್ಲಿ ನಿಜ ಹೇಳಿದ ಒಬ್ಬನಿಗೆ ಸಿಕ್ಕಿದ ಮರ್ಯಾದೆ ಅದು.

ಆಮೇಲೆ ಹೆಡ್‌ಮಾಸ್ಟ್ರು. ಖಾದಿ ತೊಟ್ಟವರು, ಶಾಲೆಯಲ್ಲಿ ನಾವೆಲ್ಲ ಒಂದೇ ತಾಯಿಯ ಮಕ್ಕಳು ಎಂದು ಹಾಡಿಸುವವರು. ತಾನು ಸಾಂತಾಣಿ ತಿಂದದ್ದುಂಟು, ಪಾನೀಯದ ವಿಷಯ ತನಗೆ ತಿಳಿಯದು ಎಂದು ನೆಲ ನೋಡಿಕೊಂಡು ಹೇಳಿದರು. ಉಳಿದವರಿಗೂ ತಿಳಿಯದು. ಕೊನೆಗೆ ಇನ್‌ಸ್ಪೆಕ್ಟರು ಪಟೇಲರನ್ನೇ ಕೇಳಿದರು. ಬುಟ್ಟಿ ಹೊತ್ತವನು ನಿಮ್ಮ ಆಳಲ್ಲವೇ ಎಂದೂ ಕೇಳಿದರು. ಅವನು ಪೂಜಾರಿಗೆ ಉಪಕಾರ ಮಾಡಲು ಹೋಗಿರಬೇಕು ಎಂದರು ಪಟೇಲರು. ಎಲೆಯನ್ನು ಮಡಚಿ ಬಾಯಿಗಿಟ್ಟರು.

“ಆ ಮನೆಯ ನೀರು ನಮ್ಮ ಗಂಟಲಲ್ಲಿ ಇಳಿದದ್ದಿಲ್ಲ,” ಎಂದರು.

ಎಷ್ಟು ಸಲೀಸಾಗಿ ಹೇಳಿದರು ಎಂದರೆ, ಒಂದು ಕ್ಷಣ ನನಗೇ ಅನುಮಾನವಾಯಿತು. ಆಗ ಇನ್‌ಸ್ಪೆಕ್ಟರು ಮಾಡಿದ ಕೆಲಸ ಇನ್ನೂ ಕಷ್ಟದ್ದು. ಅಪ್ಪನ ಕಡೆ ತಿರುಗಿ, ಇವರು ಹೇಳುವುದು ಹೌದೋ, ಇವರು ಯಾರೂ ಕುಡಿದೇ ಇಲ್ಲವೋ ಎಂದು ಕೇಳಿದರು. ಕೇಳಿದ ರೀತಿಯಲ್ಲೇ ಗೊತ್ತಾಗುತ್ತಿತ್ತು, ಅವರಿಗೆ ಎಲ್ಲ ಅರ್ಥವಾಗಿದೆ, ಅಪ್ಪ ಒಂದು ಹೆಸರು ಹೇಳಲಿ ಎಂದು ಕಾಯುತ್ತಿದ್ದಾರೆ. ಹೇಳಿ, ಹೇಳಿ ಎಂದು ನಾನು ಒಳಗೊಳಗೇ ಬೊಬ್ಬೆ ಹಾಕುತ್ತಿದ್ದೆ. ಸೊಪ್ಪಿನ ಬುಟ್ಟಿಯ ಸುದ್ದಿ ಹೇಳಿ, ಅಕ್ಕಿ ಮೂಟೆಯ ಸುದ್ದಿ ಹೇಳಿ. ಅಪ್ಪ ಬೈರಾಸನ್ನು ಇನ್ನೊಂದು ಕೈಗೆ ಬದಲಾಯಿಸಿದರು.

“ಇಲ್ಲ. ಧನಿಗಳು ಕುಡಿದಿಲ್ಲ,” ಎಂದರು.

ಜೀಪು ಅವರಿಬ್ಬರನ್ನೂ ಪುತ್ತೂರಿಗೆ ಕರೆದುಕೊಂಡು ಹೋಯಿತು. ಬಾಟ್ಲಿ ಸೀಲು ಹಾಕಿಸಿಕೊಂಡು ಮದರಾಸಿಗೆ ಹೊರಟಿತು. ಬೇಗ ನೋಡಲು ಹೇಳಿ, ಇಟ್ಟರೆ ಅದು ಕೆಡುತ್ತದೆ ಎಂದು ಅಪ್ಪ ಜೀಪಿನಲ್ಲಿ ಉದ್ದಕ್ಕೂ ಹೇಳುತ್ತಿದ್ದರಂತೆ. ಇದನ್ನು ಹೇಳಿದವರು ಬ್ಯಾರಿ. ಅವರ ಭಾವ ಓಡಾಡಿ ಅವರನ್ನು ಬಿಡಿಸಿಕೊಂಡು ಬಂದಿದ್ದ. ನಮಗೆ ಓಡಾಡುವವರು ಯಾರಿದ್ದರು?

ವಾರ ಕಳೆದಿರಬೇಕು. ಪಟೇಲರ ಹೆಂಡತಿ ಅಮ್ಮನಿಗೆ ಹಿಂದಿನ ಅಂಗಳಕ್ಕೆ ಬರಲು ಹೇಳಿಕಳಿಸಿದರು. ನಾನೂ ಹೋದೆ. ಪಟೇಲ್ತಿ ಕೆಟ್ಟ ದನಿಯಲ್ಲಿ ಮಾತಾಡಲಿಲ್ಲ, ಅಮ್ಮನಿಗೆ ಒಂದು ಸೇರು ಅಕ್ಕಿಯನ್ನೂ ತಂದಿಟ್ಟರು. ಪುತ್ತೂರಿನ ಮಗಳಿಗೆ ಆ ಬೇರಿನ ನೀರು ಬೇಕೇ ಬೇಕಂತೆ, ಹೇಗೆ ಮಾಡುವುದು ಎಂದು ಹೇಳಿಕೊಡು, ನಮ್ಮ ಒಲೆಯಲ್ಲೇ ನಮ್ಮ ನೀರಲ್ಲೇ ಮಾಡಿಕೊಳ್ಳುತ್ತೇವೆ ಎಂದರು. ಗಂಡ ಲಾಕಪ್ಪಿನಲ್ಲಿರುವ ಹೆಂಗಸಿನ ಹತ್ತಿರ ಕೇಳುವ ಮಾತಾ ಇದು? ಬೇಡ ಎಂದು ನಾನು ಅಮ್ಮನ ಸೆರಗು ಎಳೆದೆ. ಅಮ್ಮ ನನ್ನ ಕೈ ಕೊಡವಿದಳು.

“ಹೇಳ್ತೇನೆ ಅಕ್ಕೆ,” ಎಂದಳು. “ನೀವು ಧನಿಗಳ ಹತ್ರ ಒಂದು ಮಾತು ಹೇಳಿ. ಅವರು ಪುತ್ತೂರಿಗೆ ಒಂದು ಸಲ ಹೋಗಿ ಬಂದರೆ ಸಾಕು.”

ನೋಡುವಾ ಎಂದರು ಪಟೇಲ್ತಿ. ಅಮ್ಮ ಕೂತು ಎಲ್ಲ ಹೇಳಿದಳು. ಬೇರು ಎಷ್ಟು ಜಜ್ಜಬೇಕು, ಬೆಲ್ಲ ಯಾವಾಗ, ಶುಂಠಿಯ ಹೆಪ್ಪು ಹೇಗೆ ಕಟ್ಟುವುದು, ಹೊಯಿಗೆಯ ಗುಂಡಿ ಎಷ್ಟು ಆಳ. ಅಪ್ಪನ ಉಪ್ಪಿನ ಹರಳನ್ನೂ ಬಿಡಲಿಲ್ಲ. ಒಂದನ್ನಾದರೂ ಮರೆತಂತೆ ಮಾಡಬಾರದೇ ಎಂದು ನನಗೆ. ಪೂರ್ತಿ ಕೊಟ್ಟರೆ ಪೂರ್ತಿ ದಯೆ ಸಿಗುತ್ತದೆ ಎಂದು ಅವಳ ಲೆಕ್ಕ. ಪಟೇಲರು ಪುತ್ತೂರಿಗೆ ಹೋದದ್ದು ನಿಜ, ಮಗಳ ಸೀಮಂತಕ್ಕೆ. ಅಪ್ಪ ಇದ್ದ ಕಡೆಗೆ ತಲೆ ಹಾಕಲಿಲ್ಲ.

ಮಳೆ ಹಿಡಿದ ಮೇಲೆ ಮದರಾಸಿನ ಉತ್ತರ ಬಂತು. ಬಾಟ್ಲಿಯಲ್ಲಿ ಅಮಲಿನ ಅಂಶ ಉಂಟು ಎಂದು. ಇಲ್ಲದೆ ಏನು? ಅಷ್ಟು ವಾರ ಬಿಸಿಲಲ್ಲಿ, ಕಪಾಟಿನಲ್ಲಿ, ರೈಲಿನಲ್ಲಿ ಕೂತ ಬೆಲ್ಲದ ನೀರು ಹುಳಿಯದೆ ಇರುತ್ತದೆಯೇ? ಅಪ್ಪ ಮಾಡದಿದ್ದ ಕಳ್ಳನ್ನು ಸರಕಾರವೇ ಸೀಲು ಹಾಕಿ ಮಾಡಿತು. ಆರು ತಿಂಗಳು ಜೈಲು.

ಬಂದಾಗ ಚಳಿಗಾಲ. ಜಗಲಿಯಲ್ಲಿ ಕೂತ ಅಪ್ಪನ ಮುಂದೆ ನಾನು ಒಂದೇ ಪ್ರಶ್ನೆ ಇಟ್ಟೆ. ಯಾಕೆ ಹೇಳಲಿಲ್ಲ? ಒಂದು ಹೆಸರು ಹೇಳಿದ್ದರೆ ಆಗುತ್ತಿತ್ತಲ್ಲ?

“ಹೇಳಿದ್ದರೆ ಮರುದಿನ ಈ ಮನೆಯಲ್ಲಿ ನೀವು ಕೂತುಕೊಳ್ಳುದು ಹೇಗೆ?” ಎಂದರು. “ಜಾಗ ಅವರದ್ದಲ್ವಾ?”

ನನಗೆ ಪಟೇಲರ ಮೇಲೆ ಬಂದದ್ದಕ್ಕಿಂತ ಹೆಚ್ಚು ಸಿಟ್ಟು ಅಪ್ಪನ ಮೇಲೆ ಬಂತು. ಆ ಸಿಟ್ಟು ಇನ್ನೂ ಪೂರ್ತಿ ಹೋಗಿಲ್ಲ. ಯಾಕೆಂದರೆ ಮುಂದಿನ ಬೇಸಗೆಗೇ ಪಟೇಲರು ಜಾಗ ಬಿಡಿ ಎಂದು ಹೇಳಿಕಳಿಸಿದರು. ಜೈಲಿಗೆ ಹೋಗಿಬಂದವನನ್ನು ಒಕ್ಕಲು ಇಟ್ಟುಕೊಂಡರೆ ಮನೆತನಕ್ಕೆ ಕೆಟ್ಟ ಹೆಸರು ಬರುತ್ತದಂತೆ. ಅದೇ ಸೊಪ್ಪಿನ ಬುಟ್ಟಿಯ ಆಳು ಬಂದು ಹೇಳಿದ್ದು, ಈ ಸಲ ಬುಟ್ಟಿ ಇರಲಿಲ್ಲ. ನಾವು ಘಟ್ಟ ಹತ್ತಿ ಕಾಫಿ ತೋಟದ ಕೂಲಿಲೈನಿನ ಒಂದು ಕೋಣೆಗೆ ಹೋದೆವು. ಹೊರಡುವ ದಿನ ಅದ್ರಾಮ ಬ್ಯಾರಿ ಬಸ್ಸಿನ ತನಕ ಬಂದು ಕಲ್ತಪ್ಪದ ಕಟ್ಟು ಕೊಟ್ಟು, ಅಪ್ಪನ ಕೈ ಹಿಡಿದು ನಿಂತರು.

ಅಪ್ಪ ಮತ್ತೆ ಬೇರು ಕುದಿಸಲಿಲ್ಲ. ತೋಟದಲ್ಲಿ ಸೊಗದೆ ಬಳ್ಳಿ ಕಾಲಿಗೆ ತೊಡರಿದರೂ ಬಿಡಿಸಿಕೊಂಡು ಮುಂದೆ ಹೋಗುತ್ತಿದ್ದರು. ಅರವತ್ತರ ದಶಕದ ಶುರುವಿನಲ್ಲಿ, ನನ್ನ ಮದುವೆಯಾಗಿ ನಾನು ಕಡಬಕ್ಕೆ ಹೋದ ಮೇಲೆ, ಅಲ್ಲಿಯೇ ತೀರಿಕೊಂಡರು. ಆ ದಶಕ ಮುಗಿಯುವ ಹೊತ್ತಿಗೆ ಪಾನನಿರೋಧವೂ ಹೋಯಿತು, ಊರೂರಿಗೆ ಸಾರಾಯಿ ಅಂಗಡಿ ಬಂತು. ನಮ್ಮ ಊರಿನ ಸಾರಾಯಿ ಅಂಗಡಿ ಹಿಡಿದವನು ಪಟೇಲರ ಮಗ. ಈ ಸುದ್ದಿ ಕೇಳಿದ ದಿನ ನಾನು ಒಲೆಯ ಮುಂದೆ ಕೂತು ಅತ್ತೆ. ಅಪ್ಪ ಇದನ್ನು ನೋಡಲು ಇರಲಿಲ್ಲವಲ್ಲ ಎಂದು ಸಮಾಧಾನವೋ ದುಃಖವೋ, ಈಗಲೂ ತಿಳಿಯದು.

ಇಷ್ಟೆಲ್ಲ ಆ ಬೆಂಚಿನ ಮೇಲೆ ಕೂತಾಗ ಬಂತು. ಬಾಟ್ಲಿ ಕೈಯಲ್ಲೇ ಇತ್ತು. ಕುಡಿಯಬಾರದು ಎಂದಿದ್ದೆ. ಆದರೆ ಆ ವಾಸನೆ ಬಿಡಬೇಕಲ್ಲ. ಒಂದು ಗುಟುಕು ಕುಡಿದೆ, ಇನ್ನೊಂದು ಕುಡಿದೆ. ಇರುವೆ, ಬೇರು, ಬೆಲ್ಲ, ಒಳ್ಳೆಮೆಣಸು. ಯಾವುದೂ ಆಚೆ ಈಚೆ ಆಗಿರಲಿಲ್ಲ. ಎಲ್ಲ ಇಳಿದ ಮೇಲೆ, ಕೊನೆಗೆ, ಉಪ್ಪಿನ ಒಂದು ಎಳೆ. ಅಮ್ಮ ಪೂರ್ತಿ ಕೊಟ್ಟಿದ್ದಳು. ಅವರೂ ಪೂರ್ತಿ ಇಟ್ಟುಕೊಂಡಿದ್ದರು.

ಅಂಗಡಿಯ ಹುಡುಗ ಹತ್ತಿರ ಬಂದ. ಒಳ್ಳೆಯ ನಗುಮುಖ, ಮೂಗು ಅದೇ. ಪಟೇಲರ ಮರಿಮಗ ಇರಬೇಕು. ಇದು ತಮ್ಮ ಅಜ್ಜನ ಅಪ್ಪ ಕಂಡುಹಿಡಿದದ್ದು, ಅವರಿಗೆ ಊಟವಾದ ಮೇಲೆ ಇದು ಬೇಕೇ ಬೇಕಿತ್ತಂತೆ, ಮನೆಯಲ್ಲಿ ಈಗಲೂ ಹೇಳುತ್ತಾರೆ ಎಂದ. ಇಷ್ಟು ವರ್ಷಗಳ ಮೇಲೆ ಆ ಮನೆಯಿಂದ ಒಂದು ನಿಜ ಹೊರಗೆ ಬಂತು. ಕೇಳಬೇಕಾದ ಇನ್‌ಸ್ಪೆಕ್ಟರು ಇರಲಿಲ್ಲ, ಬೈರಾಸು ಹಿಡಿದು ನಿಂತವರೂ ಇರಲಿಲ್ಲ. ಮೊಮ್ಮಗಳು, ನಮ್ಮ ಅಜ್ಜಿಯೂ ಇದೇ ಊರಿನವರು ಎಂದುಬಿಟ್ಟಳು. ಹುಡುಗನಿಗೆ ಖುಷಿಯೋ ಖುಷಿ.

“ಹೌದಾ ಅಜ್ಜಿ? ಹಾಗಾದ್ರೆ ನೀವು ಇದನ್ನು ಮೊದಲೇ ಕುಡಿದಿರಬೇಕಲ್ಲ?”

ನಾನು ಎದ್ದೆ. ಅರ್ಧ ಖಾಲಿಯಾಗಿದ್ದ ಬಾಟ್ಲಿಯನ್ನು ಅವನ ಕೈಗೆ ಕೊಟ್ಟೆ. ಸೆರಗಿನಿಂದ ತುಟಿ ಒರೆಸಿಕೊಂಡೆ.

“ಇಲ್ಲ ಮಗಾ,” ಎಂದೆ. “ಆ ಮನೆಯ ನೀರು ನಮ್ಮ ಗಂಟಲಲ್ಲಿ ಇಳಿದದ್ದಿಲ್ಲ.”

ಹುಡುಗ ಬಾಟ್ಲಿ ನೋಡಿದ, ನನ್ನನ್ನು ನೋಡಿದ. ಅವನಿಗೆ ಏನೂ ಅರ್ಥವಾಗಲಿಲ್ಲ. ನನ್ನ ಬಾಯಲ್ಲಿ ಉಪ್ಪು ಸಂಪಾಜೆ ದಾಟುವ ತನಕ ಇತ್ತು.